ಬೀರುವಿನ ಮೇಲಿನ ಬೆಣೆ

ತೊಂಬತ್ತೇಳರ ಮಾರ್ಚ್, ಬೆಳಗ್ಗೆ ಹತ್ತೂವರೆ. ಚಾಮರಾಜಪೇಟೆಯ ಹಳೆಯ ವಾಚನಾಲಯದ ಹಾಲಿನಲ್ಲಿ, ತೇಗದ ಬೀರುವಿಗೆ ಒರಗಿಸಿದ ಏಣಿಯ ನಾಲ್ಕನೇ ಮೆಟ್ಟಿಲ ಮೇಲೆ ನಾನು ನಿಂತಿದ್ದೆ. ಆ ಹೊತ್ತಿನವರೆಗೆ ನಮ್ಮ ಬಡಗಿ ಮೇಸ್ತ್ರಿಯ ಎಡಗೈ ಹೆಬ್ಬೆರಳಿನಲ್ಲಿ ಉಗುರಿತ್ತು. ಅರಗಿನ ಪಾಲಿಶ್ ಹತ್ತಿ ಹತ್ತಿ ಜೇನಿನ ಬಣ್ಣಕ್ಕೆ ತಿರುಗಿದ್ದ ದಪ್ಪ ಉಗುರು.

ಆ ವಾಚನಾಲಯಕ್ಕೆ ಹೊಸ ರೂಪ ಕೊಡುವುದು ನನಗೆ ಸಿಕ್ಕಿದ ಮೊದಲ ಕೆಲಸ. ಹಳೆಯ ಮೇಜು ಕುರ್ಚಿಗಳ ನಡುವೆ ಗಾಜಿನ ಗೋಡೆ, ಕಾಣದಂತೆ ಅಡಗಿಸಿದ ದೀಪಗಳು. ಗೋಡೆಗಂಟಿ ನಿಂತಿದ್ದ ಬೀರುವನ್ನು ಹಾಲಿನ ನಡುವಿಗೆ ತರಬೇಕೆಂದು ನಕ್ಷೆ ಬರೆದಿದ್ದೆ. ಮಾವಳ್ಳಿಯಿಂದ ಬರುತ್ತಿದ್ದ ಮೇಸ್ತ್ರಿ ಹಳೆಯ ಸಾಮಾನು ಯಾವುದನ್ನೂ ಬೆನ್ನು ತಟ್ಟದೆ ಸರಿಸುತ್ತಿರಲಿಲ್ಲ. ಬೀರುವನ್ನು ಅಜ್ಜಿ ಎಂದೇ ಕರೆಯುತ್ತಿದ್ದರು.

"ಈ ಅಜ್ಜಿ ಇಲ್ಲೇ ಯಾಕ್ ನಿಂತಿದಾಳೆ ಅಂತ ಕೇಳಿದ್ರಾ ಸಾರ್?"

"ಬೇರೆ ಜಾಗ ಇರ್ಲಿಲ್ವೇನೋ ಮೇಸ್ತ್ರಿ."

"ನಿಮ್ ನಕ್ಷೆ ಬರೀ ಮಾತಾಡುತ್ತೆ, ಕೇಳಿಸ್ಕೊಳಲ್ಲ. ಟೀ ಕುಡಿದು ಬರ್ತೀನಿ, ಮುಟ್ಬೇಡಿ."

ನಾನು ಮುಟ್ಟಿದೆ. ಬೀರುವಿನ ತಲೆಗೂ ಚಾವಣಿಯ ತೊಲೆಗೂ ನಡುವೆ ಸುಣ್ಣ ಬಳಿದ ಮರದ ತುಂಡೊಂದಿತ್ತು. ಸುತ್ತಿಗೆಯಿಂದ ಹೊಡೆದು ಕೆಡವಿದೆ. ತೊಲೆ ನರಳಿತು. ನನ್ನ ಭುಜದ ಮೇಲೆ ಗಾರೆಯ ಪುಡಿ ಉದುರಿತು. ಗೆದ್ದಲು ತಿಂದ ಆ ತೊಲೆಯನ್ನು ಇಷ್ಟು ವರ್ಷ ಹೊತ್ತು ನಿಂತಿದ್ದದ್ದು ಬೀರು. ನಾನು ಕೆಡವಿದ್ದು ಅವೆರಡರ ನಡುವಿನ ಬೆಣೆ.

ಮೇಸ್ತ್ರಿ ಬಾಗಿಲಲ್ಲಿದ್ದರು. ಕೂಗಲಿಲ್ಲ. "ಇಳೀರಿ ಸಾರ್. ನಿಧಾನ. ಆಚೆ ಹೋಗಿ." ನಾನು ಇಳಿದ ಏಣಿಯನ್ನೇ ಅವರು ಹತ್ತಿದರು. ಬಿದ್ದಿದ್ದ ಬೆಣೆಯನ್ನು ಎಡಗೈಯಲ್ಲಿ ಹಿಡಿದು ಮತ್ತೆ ಅದೇ ಸಂದಿಗೆ ಹೊಡೆದರು. ಮೂರನೇ ಏಟು ಹೆಬ್ಬೆರಳ ಮೇಲೆ ಬಿತ್ತು. ಬೆಣೆ ಬಿಡಲಿಲ್ಲ; ಇನ್ನೆರಡು ಏಟು ಹೊಡೆದರು. ತೊಲೆ ಸುಮ್ಮನಾಯಿತು.

ಸದ್ದು ಕೇಳಿ ವಾಚನಾಲಯದ ಕಾರ್ಯದರ್ಶಿ ಓಡಿ ಬಂದರು. "ಯಾರ್ರೀ ಇದನ್ನ ತೆಗ್ದಿದ್ದು?"

"ನಂದೇ ಕೈತಪ್ಪು ಸ್ವಾಮಿ," ಎಂದರು ಮೇಸ್ತ್ರಿ, ಬೆರಳಿಗೆ ಟವೆಲ್ ಸುತ್ತಿಕೊಳ್ಳುತ್ತ.

"ಇಷ್ಟು ವಯಸ್ಸಾಗಿದೆ, ಕಣ್ ಕಾಣಲ್ವೇನ್ರೀ ನಿಮಗೆ?"

ನಾನು ಬಾಯಿ ಬಿಡಲಿಲ್ಲ. ಪುಸ್ತಕ ಕೊಡುವ ಕಿಟಕಿಯ ಹಿಂದೆ ಕೂತು ಎಲ್ಲವನ್ನೂ ನೋಡಿದ್ದ ಲೈಬ್ರರಿ ಮೇಡಂ ಕೂಡ.

ಸಂಜೆ ಕೇಳಿದೆ: "ಯಾಕ್ ಹಾಗಂದ್ರಿ ಮೇಸ್ತ್ರಿ?"

"ನಲವತ್ತು ವರ್ಷ ಕೆಲಸ ಮಾಡಿದೀನಿ ಸಾರ್, ನನ್ ಹೆಸರು ಒಂದ್ ತಪ್ಪು ತಡ್ಕೊಳ್ಳುತ್ತೆ. ನಿಮ್ದು ಇದೇ ಮೊದಲ್ನೇ ಕೆಲಸ."

ತೊಲೆಗೆ ಕಬ್ಬಿಣದ ಆಸರೆ ಕೊಟ್ಟ ಮೇಲೂ ನಾನು ಬೀರುವನ್ನು ಸರಿಸಲಿಲ್ಲ. ಗಾಜಿನ ಗೋಡೆಯೇ ಅದನ್ನು ಬಳಸಿಕೊಂಡು ಹೋಯಿತು. ನೋಡಿದವರು ಹಳೆಯದೂ ಹೊಸದೂ ಎಷ್ಟು ಚೆನ್ನಾಗಿ ಹೊಂದಿಕೊಂಡಿವೆಯೆಂದು ನನ್ನನ್ನು ಹೊಗಳಿದರು. ಮೇಸ್ತ್ರಿಯ ಉಗುರು ಮತ್ತೆ ಬೆಳೆಯಲಿಲ್ಲ.

ಅವರು ಎರಡು ಸಾವಿರದ ಆರರಲ್ಲಿ ತೀರಿಕೊಂಡರು. ತಪ್ಪು ಮೇಸ್ತ್ರಿಯದೆಂದೇ ನಂಬಿದ್ದ ಕಾರ್ಯದರ್ಶಿಯೂ ಈಗಿಲ್ಲ. ಬೆಣೆ ತೆಗೆದದ್ದು ಯಾರೆಂದು ಬಲ್ಲವರು ಈಗ ಇಬ್ಬರೇ ಉಳಿದಿದ್ದೇವೆ: ಮಲ್ಲೇಶ್ವರಂನಲ್ಲಿರುವ ಲೈಬ್ರರಿ ಮೇಡಂ ಮತ್ತು ನಾನು.