ಮಣ್ಣೆತ್ತು ನಿಲ್ಲದ ನೆಲ

ನಮ್ಮೂರು ಮುಧೋಳ ಸಂಸ್ಥಾನದ ಸೀಮೆಗೆ ಸೇರಿತ್ತು. ಊರಿಗೂ ಗುಡ್ಡಕ್ಕೂ ನಡುವಿನ ತಗ್ಗಿನಲ್ಲಿ ದನಗಳಿಗೆಂದೇ ಬಿಟ್ಟ ಗಾಯರಾಣವಿತ್ತು. ಗುಡ್ಡದ ಮಗ್ಗುಲಿಗೆ ಕಲ್ಲುಹರಳಿನ ಗರಸು, ಅದರ ಕೆಳಗೆ ಕೆಂಪು ಮಸಾರಿ, ಹಳ್ಳದ ದಂಡೆಗೆ ಬಂದರೆ ಮಳೆಗಾಲದಲ್ಲಿ ಕಾಲು ಹೂಳುವಂಥ ಕಪ್ಪು ಎರೆ. ಗರಸಿನ ಮೇಲೆ ಬಾರಿಗಿಡ, ತಂಗಡಿ. ಎರೆಯ ತುಂಬ ಗರಿಕೆ. ಮಣ್ಣೆತ್ತಿನ ಅಮಾವಾಸ್ಯೆಗೆ ಅಪ್ಪ ಆ ಎರೆಯನ್ನೇ ತಂದು ಎತ್ತುಗಳನ್ನು ಮಾಡುತ್ತಿದ್ದ. ನಮ್ಮ ಎತ್ತು ಮೇಯುವ ನೆಲದ ಮಣ್ಣಿನಿಂದಲೇ ಮಣ್ಣೆತ್ತು ಆಗಬೇಕೆಂಬುದು ಮನೆಯ ಕಟ್ಟಳೆ.

ನಾನು ಪುಣೆಯಲ್ಲಿ ಕಾಲೇಜು ಮುಗಿಸಿ ಬರುವಷ್ಟರಲ್ಲಿ ಗುಡ್ಡದಲ್ಲಿ ಸುಣ್ಣದ ಕಲ್ಲಿನ ಗಣಿ ತೆರೆದಿತ್ತು. ಬಾಗಲಕೋಟೆಯ ಸ್ಟೇಶನ್ನಿನಿಂದ ಕಲ್ಲಿದ್ದಲು ಹೇರಿದ ಚಕ್ಕಡಿಗಳು ಅಲ್ಲಿಯ ಸುಣ್ಣ ಸುಡುವ ಭಟ್ಟಿಗೆ ಬರುತ್ತಿದ್ದವು. ಇದ್ದಲಿನ ಬೂದಿಯೂ ಸುಣ್ಣದ ಹುಡಿಯೂ ಮಳೆನೀರಿನೊಡನೆ ಇಳಿದು ತಗ್ಗನ್ನು ಸೇರಿ ಗರಿಕೆಯನ್ನು ಸುಡುತ್ತಿದ್ದವು. ಆ ವರ್ಷ ಅಪ್ಪ ಮಾಡಿದ ಮಣ್ಣೆತ್ತುಗಳು ಒಣಗುವ ಮೊದಲೇ ಹೆಗಲಿನ ಹತ್ತಿರ ಸೀಳು ಬಿಟ್ಟವು. ಮತ್ತೆ ಕಲಸಿದ. ಮತ್ತೆ ಸೀಳು ಬಿಟ್ಟವು.

"ಒಡದ ಎತ್ತಿಗೆ ಪೂಜಿ ಮಾಡಬಾರ್ದು," ಎಂದು ಅವ್ವ ಜಗಲಿಯ ಮೇಲೆ ಬರಿಯ ದೀಪವನ್ನಿಟ್ಟಳು.

"ಮಣ್ಣಿನ್ವು ಇರ್ಲಿ, ಖರೇ ಎತ್ತ ಏನ್ ತಿನ್ನಬೇಕು?" ಎಂದ ಅಪ್ಪ. ಮನೆಯ ಎತ್ತಿನ ಜೋಡಿಯನ್ನು ಅವು ಕರುಗಳಾಗಿದ್ದಾಗಿನಿಂದ ಅವನೇ ಸಾಕಿದ್ದ.

ಸತ್ಯವನ್ನು ಕ್ರಮವಾಗಿ ಮಂಡಿಸಿದರೆ ಅಧಿಕಾರವು ಒಪ್ಪಲೇಬೇಕೆಂದು ಕಾಲೇಜಿನ ಚರ್ಚಾಕೂಟದಲ್ಲಿ ನಂಬಿ ಬಂದವನು ನಾನು. ಗಣಿಯ ಕೆಳಗೆ ಒಡ್ಡು ಕಟ್ಟಿಸಿ ಗಾಯರಾಣವನ್ನು ಉಳಿಸಬೇಕೆಂದು ಸಂಸ್ಥಾನದ ಕಾರಭಾರಿಗಳಲ್ಲಿ ಅರಿಕೆ ಮಾಡಿಕೊಂಡೆ. ಶ್ರಾವಣದಲ್ಲಿ ಅವರು ಕುದುರೆಯೇರಿ ನೋಡಲು ಬಂದರು. ತಗ್ಗೆಲ್ಲ ಹಸಿರಾಗಿತ್ತು. ಗರಿಕೆ ಸತ್ತ ಜಾಗವನ್ನು ಎಕ್ಕೆಯೂ ತಂಗಡಿಯೂ ತುಂಬಿದ್ದವು. ದನ ಬಾಯಿಡದ ಗಿಡಗಳು.

"ಏನ್ರೀ ಪಂಡಿತರ, ಹಾಳಾಗೇತಿ ಅಂದ್ರಿ. ನಮ್ಮ ತ್ವಾಟಾನೂ ಇಷ್ಟ ಹಸರ ಇಲ್ಲಲ್ರೀ!" ಎಂದರು ಕಾರಭಾರಿಗಳು.

ನಾನು ಗರಸು, ಎರೆ, ಬೇರಿನ ಗುಣ ಎಂದು ವಾದ ಹೂಡಿದೆ. ಅಪ್ಪ ಜೋಡಿಯ ಹಗ್ಗ ಬಿಚ್ಚಿ ಹಸಿರಿನೊಳಗೆ ಅಟ್ಟಿದ. ಅವು ಮೂಸಿ ನೋಡಿ ತಲೆಯೆತ್ತಿ ನಿಂತವು.

"ನೋಡ್ರೀ ಸರಕಾರ, ಬಾಯಿ ಹಚ್ಚವಲ್ವು," ಎಂದ ಅಪ್ಪ.

"ಮನ್ಯಾಗ ಹೊಟ್ಟಿತುಂಬ ತಿನ್ನಿಸಿ ತಂದೀಯಲೋ ಮುದುಕಾ!"

ಜೊತೆಗೆ ಬಂದವರು ನಕ್ಕರು. ಕುದುರೆ ತಿರುಗಿತು. ಒಡ್ಡಿನ ಅವಶ್ಯಕತೆಯಿಲ್ಲವೆಂದು ತೀರ್ಪಾಯಿತು. ನನ್ನ ವಾದದಲ್ಲಿ ತಪ್ಪಿರಲಿಲ್ಲ. ಅದರಿಂದ ಒಂದು ಹಿಡಿ ಹುಲ್ಲೂ ಹುಟ್ಟಲಿಲ್ಲ.

ಬನ್ನಿಹಬ್ಬ ಕಳೆದ ಮೇಲೆ ಅಪ್ಪ ಜೋಡಿಯನ್ನು ಹಿಪ್ಪರಗಿಗೆ ಮದುವೆಯಾಗಿ ಹೋದ ನನ್ನ ಅಕ್ಕನ ಮನೆಗೆ ಹೊಡೆದುಕೊಂಡು ಹೋಗಿ ಬಿಟ್ಟು ಬಂದ. ಕೃಷ್ಣೆಯ ದಂಡೆಯಲ್ಲಿ ಇನ್ನೂ ಮೇವಿತ್ತು. ಮರುವರ್ಷದ ಅಮಾವಾಸ್ಯೆಗೆ ಅಕ್ಕ ಆ ದಂಡೆಯ ಮಣ್ಣನ್ನು ಒದ್ದೆ ಅರಿವೆಯಲ್ಲಿ ಕಟ್ಟಿ ಕಳಿಸಿದಳು. ಕಟ್ಟಳೆ ತಪ್ಪಲಿಲ್ಲ; ನಮ್ಮ ಎತ್ತುಗಳು ಮೇಯುವ ನೆಲ ಈಗ ಅದೇ. ಮಣ್ಣೆತ್ತುಗಳು ಒಂದು ಗೆರೆಯೂ ಬಿರಿಯದೆ ನಿಂತವು. ಅವ್ವ ಆರತಿ ಬೆಳಗಿ ಕರೆದಳು. ಅಪ್ಪ ಏಳಲಿಲ್ಲ. ಬರಿದಾದ ಗೋದಲಿಯ ಅಂಚಿನಲ್ಲಿ ಕುಳಿತು, ಬೆರಳಿಗೆ ಮೆತ್ತಿದ ಆ ಊರಿನ ಮಣ್ಣು ಒಣಗುವುದನ್ನು ನೋಡುತ್ತಿದ್ದ.