ಗೋಡೆಯ ಮೊಳೆಯಲ್ಲಿ ನನ್ನ ದಾರ

ಅನ್ವಿತಾ, ನಿಹಾರ, ಉಗಿ ತಾಗಿದ ಉಣ್ಣೆಯ ವಾಸನೆ ಬಂದರೆ ನನಗೆ ಈಗಲೂ ತವರಿನ ಅಂಗಡಿ ಕಣ್ಣಿಗೆ ಕಟ್ಟುತ್ತದೆ. ಕಂಪ್ಯೂಟರ್ ಕೆಲಸದವರಿಗೆ ಜರ್ಮನಿ ಕೊಡುತ್ತಿದ್ದ ಗ್ರೀನ್ ಕಾರ್ಡ್ ಮೇಲೆ ನಿಮ್ಮಪ್ಪ ನ್ಯೂರೆಂಬರ್ಗಿಗೆ ಬಂದಿದ್ದ ವರ್ಷಗಳವು. ನಿಮ್ಮಜ್ಜ ತೀರಿಕೊಂಡ ಮೇಲೆ ನನ್ನನ್ನೂ ಕರೆಸಿಕೊಂಡ. ಚಳಿಗೆಂದು ಒಂದು ಹಳೆಯ ಟೋಪಿ ಅಂಗಡಿಗೆ ಕರೆದೊಯ್ದ. ಅಂಗಡಿಯ ಮುದುಕಿ ಟೇಪು ಹಿಡಿದು ಹತ್ತಿರ ಬಂದಾಗ ನಾನು ತಲೆಯ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡೆ. “ಅಳತಿ ಅಷ್ಟ ತಗೋತಾರ ಅವ್ವಾ, ಅಂಜಬ್ಯಾಡ,” ಎಂದ ನಿಮ್ಮಪ್ಪ. ಆಕೆಯ ಬೆರಳು ಹಣೆಗೆ ತಾಗಿದ್ದೇ ತಡ, ನನಗೆ ಕಣ್ಣು ತುಂಬಿ ಬಂತು. ಅದಕ್ಕೆ ಮುಂಚೆ ನನ್ನ ತಲೆಯನ್ನು ಅಳೆದವರು ಒಬ್ಬರೇ, ನನ್ನಜ್ಜ.

ಗದಗಿನ ಹತ್ತಿರ ನಮ್ಮೂರಲ್ಲಿ ಅಜ್ಜನ ಅಜ್ಜ ಇಟ್ಟ ಅಂಗಡಿಯದು. ಮುಂದಿನ ಪಡಸಾಲೆಯಲ್ಲಿ ಹೊಲಿಗೆ, ಹಿಂದೆ ನಮ್ಮ ಸಂಸಾರ. ಇದ್ದಿಲಿನ ಇಸ್ತ್ರಿ ಒದ್ದೆ ಬಟ್ಟೆಯ ಮೇಲೆ ಹಾಯ್ದಾಗ ಏಳುತ್ತಿದ್ದ ಉಗಿ, ರೊಟ್ಟಿ ಬೇಯುವ ವಾಸನೆಯೊಂದಿಗೆ ಬೆರೆತು ಮನೆಯೆಲ್ಲ ಹರಡುತ್ತಿತ್ತು. ಅಂಗಿಗೆ ಟೇಪು, ಟೋಪಿಗೆ ಮಾತ್ರ ದಾರ. ತಲೆಗೆ ದಾರ ಸುತ್ತಿ, ಗಂಟು ಹಾಕಿ, ಗೋಡೆಯ ಮೊಳೆಗೆ ತೂಗುಬಿಡುತ್ತಿದ್ದರು. ಒಂದೊಂದು ಮನೆತನಕ್ಕೆ ಒಂದೊಂದು ಮೊಳೆ. ಯಾರಾದರೂ ತೀರಿಕೊಂಡರೆ ಅವರ ದಾರವನ್ನು ಅಜ್ಜ ತೆಗೆದು ಮನೆಯವರಿಗೆ ಕೊಟ್ಟು ಬರುತ್ತಿದ್ದರು. ನಮ್ಮ ಮೊಳೆಯಲ್ಲಿ ಅಜ್ಜ, ಅಪ್ಪ, ಅಣ್ಣ ಇದ್ದರು, ನಾನಿರಲಿಲ್ಲ. ನನ್ನದೂ ಬೇಕೆಂದು ಹಟ ಹಿಡಿದೆ.

“ನಿನಗ್ಯಾಕ? ಟೊಪಿಗಿ ಹಾಕ್ಕೊಂಡು ಪಂಚಾಯ್ತಿ ಮಾಡಾಕಿಯೇನು?” ಎಂದು ಅಣ್ಣ ನಕ್ಕ.

“ಆಕಿಗೂ ತಲಿ ಐತೆಲ್ಲೋ, ನಿನಗಿಂತ ಚಲೋದ ಐತಿ. ಬಾರವಾ, ಕೂಡು,” ಎಂದು ಅಜ್ಜ ನನ್ನ ತಲೆಗೆ ದಾರ ಸುತ್ತಿದರು. ಸೀಮೆಸುಣ್ಣ ಮೆತ್ತಿದ ಆ ಬೆರಳುಗಳು ತಣ್ಣಗಿದ್ದವು.

ಮದುವೆಯಾಗಿ ಹೊರಟ ದಿನ ನನಗೆ ಆ ದಾರದ್ದೇ ಚಿಂತೆ. “ಕೊಟ್ಟ ಹೆಣ್ಣು, ಆಕಿ ದಾರ ಆಕಿ ಕೈಯಾಗ ಕೊಡ್ರಿ ಮಾವಾರ,” ಎಂದಳು ಅವ್ವ. ಅಜ್ಜ ಮೊಳೆಯ ಕಡೆ ತಿರುಗಲೂ ಇಲ್ಲ. “ಸತ್ತವರದಷ್ಟ ತಗಿಯೂದು. ಈಕಿ ತಿರುಗಿ ಬರಾಕಿ.”

ಪ್ರತಿ ಪಂಚಮಿಗೆ ತವರಿಗೆ ಹೋದಾಗ ನೀರು ಕುಡಿಯುವ ಮೊದಲು ಆ ಮೊಳೆ ನೋಡುತ್ತಿದ್ದೆ. ಅಜ್ಜ ಹೋದರು, ಅಪ್ಪ ಹೋದರು, ಟೋಪಿ ಹಾಕುವವರೂ ಕಡಿಮೆಯಾದರು. ಅಂಗಡಿ ಮುಚ್ಚಿದ ದಿನ, ಅಂದು ನಕ್ಕಿದ್ದ ಅಣ್ಣನೇ, ಅಜ್ಜ ಹೋದಾಗ ತೆಗೆದಿಟ್ಟಿದ್ದ ಅವರ ದಾರವನ್ನೂ ಮೊಳೆಯಲ್ಲಿದ್ದ ನನ್ನದನ್ನೂ ತಂದುಕೊಟ್ಟ. “ನಿನ್ನ ದಾರ ಎಲ್ಲಿ ತೂಗಹಾಕ್ತಿ ನೋಡವಾ, ಅದ ನಿನ್ನ ಮನಿ,” ಎಂದ.

ಈಗ ಇಲ್ಲಿ, ಈ ಮನೆಯಲ್ಲಿ, ನಿಮ್ಮ ಜಾಕೆಟ್‌ಗಳನ್ನು ತೂಗುಹಾಕುವ ಗೂಟದಲ್ಲಿ ನನ್ನ ದಾರವಿದೆ. ನಿಮಗೆಂದು ಬರೆದ ಈ ಹಾಳೆಗಳನ್ನು ಕಟ್ಟಿರುವುದು ನನ್ನಜ್ಜನ ದಾರದಿಂದ. ನನ್ನ ಕಾಲ ಮುಗಿದಾಗ ಗೂಟದ ದಾರವನ್ನು ನೀವೇ ತೆಗೆಯಿರಿ, ಅದನ್ನೂ ಈ ಹಾಳೆಗಳಿಗೆ ಸುತ್ತಿ ಜೋಪಾನವಾಗಿಡಿ.