ಕೊನೆಯ ಗಾಡಿ ಬರುವವರೆಗೆ

ನನಗೆ ಕಾಯಲು ಬರುವುದಿಲ್ಲ. ಹೋಟೆಲಿನಲ್ಲಿ ಚಹಾ ತಡವಾದರೆ ಎದ್ದು ಬರುವವನು ನಾನು. ಇಪ್ಪತ್ತು ವರ್ಷಗಳಿಂದ ಆಳಂದದಲ್ಲಿ ವಕೀಲಿ ಮಾಡುತ್ತ, ದಿನಕ್ಕೆ ನಾಲ್ಕು ಸಲ ‘ಮುಂದಿನ ತಾರೀಖು’ ಎಂಬ ಮಾತು ಕೇಳುತ್ತ ಬಂದವನಿಗೆ ತಾಳ್ಮೆ ಬೆಳೆಯಬೇಕಿತ್ತು. ನನಗೆ ಸಿಟ್ಟು ಬೆಳೆಯಿತು. ಮನೆಯಲ್ಲಿ ಹೆಂಡತಿ ‘ಕೋಪ ತನ್ನ ವೈರಿ’ ಎಂದು ಅರ್ಧ ಗಾದೆ ಹೇಳಿ ಸುಮ್ಮನಾಗುತ್ತಾಳೆ. ಉಳಿದರ್ಧ ಹೇಳುವಷ್ಟರಲ್ಲಿ ನಾನು ಚಪ್ಪಲಿ ಮೆಟ್ಟಿರುತ್ತೇನೆ. ಇಂಥವನಿಗೆ ಕ್ರಾಸ್ ಕಾಯುವ ಕೆಲಸ ಕೊಟ್ಟವರದೇ ತಪ್ಪು ಎಂದು ನನ್ನ ಪರವಾಗಿ ನಾನೇ ಎಷ್ಟೋ ಸಲ ವಾದಿಸಿದ್ದೇನೆ. ಆ ವಾದ ಎರಡು ನಿಮಿಷವೂ ನಿಲ್ಲುವುದಿಲ್ಲ.

ಪ್ರತಿ ಚಳಿಗಾಲದಲ್ಲಿ ಒಂದು ಭಾನುವಾರ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ಬೈಕ್ ಗಾಡಿಯವರು ಸೇರಿ ರ‍್ಯಾಲಿ ಹೊರಡುತ್ತೇವೆ. ಹೆಸರಿಗೆ ಹೆಲ್ಮೆಟ್ ಪ್ರಚಾರ. ನಿಜ ಹೇಳಬೇಕೆಂದರೆ ವರ್ಷವಿಡೀ ಒಬ್ಬರ ಮುಖ ಒಬ್ಬರು ನೋಡದವರು ಒಂದು ದಿನ ಜೊತೆಯಲ್ಲಿ ರೊಟ್ಟಿ ತಿನ್ನುವ ನೆಪ. ಅಲ್ಲಿ ಹಲ್ಲಿನ ಡಾಕ್ಟರ್ ಇದ್ದಾರೆ, ದರ್ಜಿ ಇದ್ದಾನೆ, ಮಾಸ್ತರರು, ಹೊಲದಿಂದ ನೇರ ಬಂದವರು, ತೊಗರಿ ವ್ಯಾಪಾರಿಗಳು ಇದ್ದಾರೆ. ಮೂರು ಲಕ್ಷದ ಗಾಡಿಯೂ, ಮೂರು ಕೈ ದಾಟಿ ಬಂದ ಗಾಡಿಯೂ ಒಂದೇ ಸಾಲಿನಲ್ಲಿ ಹೋಗುತ್ತವೆ. ಎಲ್ಲಕ್ಕಿಂತ ನಿಧಾನದ ಗಾಡಿ ಎಷ್ಟು ಓಡುತ್ತದೋ ಅಷ್ಟೇ ಎಲ್ಲರ ವೇಗ. ಇದನ್ನೆಲ್ಲ ಕಟ್ಟಿದವರು ಅಫಜಲಪುರದ ಕಡೆಯ ಒಬ್ಬ ಹಿರಿಯ ರೈತರು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತೇವೆ.

ಕಾಕಾ ಮಾಡಿದ ಕಾಯಿದೆ ಒಂದಿದೆ. ದಾರಿ ಕವಲೊಡೆಯುವ ಪ್ರತಿ ಕ್ರಾಸಿನಲ್ಲಿ ಒಬ್ಬ ಗಾಡಿ ನಿಲ್ಲಿಸಿ, ಹೋಗಬೇಕಾದ ಕಡೆಗೆ ಕೈ ತೋರಿಸುತ್ತ ನಿಲ್ಲಬೇಕು. ಎಲ್ಲರೂ ದಾಟಿ, ಹಿಂದೆ ಹಳದಿ ಬಟ್ಟೆ ಕಟ್ಟಿದ ಕೊನೆಯ ಗಾಡಿ ಬಂದ ಮೇಲೆಯೇ ಅವನು ಜಾಗ ಬಿಡಬೇಕು. ತಲೆ ಎಣಿಸುವ ಪದ್ಧತಿ ನಮ್ಮಲ್ಲಿಲ್ಲ. ದಾರಿ ಹಿಡಿದ ಮಂದಿಯನ್ನು ಎಣಿಸಿದರೆ ದೃಷ್ಟಿ ತಾಗುತ್ತದೆ ಎಂದು ಕಾಕಾ ನಂಬಿದ್ದರು. ಊಟದ ಜಾಗದಲ್ಲಿ ಅವರು ಕೇಳುವುದು ಒಂದೇ ಪ್ರಶ್ನೆ: ಕೊನೆಯ ಗಾಡಿ ಬಂತೇನು? ಬಂತು ಎಂದು ಕ್ರಾಸ್ ಕಾದವನು ಹೇಳಿದರೆ ಮುಗಿಯಿತು, ಎಲ್ಲರೂ ಬಂದಂತೆ.

ಕೊನೆಯ ಗಾಡಿ ಪ್ರತಿ ವರ್ಷ ಒಬ್ಬನದೇ. ಜೇವರ್ಗಿಯ ಗೌಂಡಿ ಅವನು, ಮನೆ ಕಟ್ಟುವ ಕೆಲಸ. ಮನೆಯಲ್ಲಿ ಬುದ್ಧನ ಪೂಜೆ ಮಾಡುವ ಕುಟುಂಬ. ಅವನ ಅಪ್ಪ ಹೊಲಗಳಲ್ಲಿ ಕೂಲಿ ಮಾಡಿದವರು, ಅವನು ತನ್ನ ಕೈಯಾರೆ ಎರಡು ಖೋಲಿಯ ಮನೆ ಕಟ್ಟಿಕೊಂಡಿದ್ದಾನೆ. ಪಂಕ್ಚರ್ ಸಾಮಾನು, ಪಾನಾ, ತಂತಿ ಎಲ್ಲ ಅವನ ಚೀಲದಲ್ಲಿ ಇರುತ್ತಿದ್ದವು. ಯಾರ ಗಾಡಿ ಕೆಟ್ಟರೂ ಅವರ ಜೊತೆ ನಿಲ್ಲುತ್ತಿದ್ದ. ಹಾಗಾಗಿ ಅವನು ತಡವಾಗುವುದು ಹೊಸದೇನಲ್ಲ.

ಆ ವರ್ಷ ನಾವು ಹೋಗಬೇಕಿದ್ದದ್ದು ಮಣ್ಣೂರಿಗೆ, ಭೀಮಾ ದಂಡೆಗೆ. ಬೆಳಿಗ್ಗೆ ಆಳಂದದಿಂದ ಹೊರಟು ಅಫಜಲಪುರದಲ್ಲಿ ಚಹಾ ಕುಡಿದು ಮುಂದೆ ಹೊರಟೆವು. ಕಬ್ಬಿನ ಹಂಗಾಮು. ಹವಳಗಾದ ಫ್ಯಾಕ್ಟರಿಗೆ ಹೋಗುವ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಕಟ್ಟಿಕೊಂಡು ರಸ್ತೆ ತುಂಬ ತೂಗಾಡುತ್ತ ಬರುತ್ತಿದ್ದವು. ಒಂದೊಂದನ್ನು ದಾಟುವಾಗಲೂ ನನ್ನ ಜೀವ ಬಾಯಿಗೆ ಬರುತ್ತಿತ್ತು. ಅಫಜಲಪುರ ಬಿಟ್ಟು ಸ್ವಲ್ಪ ದೂರದಲ್ಲಿ ಒಂದು ಕ್ರಾಸ್. ಒಂದು ದಾರಿ ಮಣ್ಣೂರಿಗೆ, ಇನ್ನೊಂದು ಕಾಲುವೆಯ ಏರಿಗುಂಟ ಒಳಗೆ. ಅಲ್ಲಿ ನಿಲ್ಲುವ ಪಾಳಿ ನನ್ನದು.

ಗಾಡಿಗಳು ದಾಟಿದವು. ಡಾಕ್ಟರ್ ದಾಟುವಾಗ, ಬೇಗ ಬರ್ರಿ, ಭಜಿ ಆರಿ ಹೋಗ್ತಾವ ಎಂದು ನಕ್ಕು ಹೋದರು. ಆಮೇಲೆ ರಸ್ತೆ ಖಾಲಿಯಾಯಿತು. ಹತ್ತು ನಿಮಿಷ ಆಯಿತು, ಇಪ್ಪತ್ತು ಆಯಿತು. ಬಿಸಿಲು ನೆತ್ತಿಗೆ ಬಂತು. ಒಂದು ಟ್ರ್ಯಾಕ್ಟರ್ ಮೈಮೇಲೆ ಬಂದಷ್ಟು ಹತ್ತಿರ ಹೋಗಿ ಕಣ್ಣು ಬಾಯಿಗೆಲ್ಲ ಧೂಳು ತುಂಬಿಸಿತು. ನೀರು ಕುಡಿದು ಬಾಟಲಿಯನ್ನು ಕಲ್ಲಿನ ಮೇಲಿಟ್ಟೆ. ಗೌಂಡಿಗೆ ಫೋನ್ ಮಾಡಿದರೆ ರಿಂಗಾಗುತ್ತದೆ, ಎತ್ತುವುದಿಲ್ಲ. ಎಲ್ಲೋ ಯಾರದೋ ಚೈನು ಹಾಕುತ್ತ ಕೂತಿದ್ದಾನೆ ಎಂದುಕೊಂಡೆ. ಊರೂರಿಗೆ ಹೋಗಿ ಮನೆ ಕಟ್ಟುವವನು, ಇವನಿಗೆ ದಾರಿ ಗೊತ್ತಿಲ್ಲವೇ ಎಂದುಕೊಂಡೆ. ಇವನಿಗಾಗಿ ನಾನು ಬಿಸಿಲಲ್ಲಿ ಒಣಗಬೇಕೇ ಎಂದೂ ಅಂದುಕೊಂಡೆ. ಆ ಕೊನೆಯ ಮಾತು ನನ್ನ ತಲೆಯಲ್ಲಿ ಸ್ಪಷ್ಟವಾಗಿ ಮೂಡಿತ್ತು, ಅದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಗಾಡಿ ಶುರು ಮಾಡಿ ಹೊರಟುಬಿಟ್ಟೆ.

ದಂಡೆಯಲ್ಲಿ ಕಾಕಾ ರೊಟ್ಟಿಯ ಬುಟ್ಟಿ ಇಳಿಸುತ್ತಿದ್ದರು. ತಲೆ ಎತ್ತದೆಯೇ ತಮ್ಮ ಪ್ರಶ್ನೆ ಕೇಳಿದರು. ಸುತ್ತ ಹತ್ತು ಜನ ನಿಂತಿದ್ದರು. ಇಲ್ಲ ಎನ್ನುವುದು ಒಂದೇ ಮಾತಿನ ಕೆಲಸ. ನನ್ನ ಬಾಯಿಂದ ಬಂದದ್ದು ಬೇರೆ.

“ಬಂತ್ರಿ ಕಾಕಾ. ಕ್ರಾಸ್ ದಾಟ್ಯಾನ, ಹಿಂದ ಬರಾಕತ್ತಾನ.”

ಐದು ನಿಮಿಷದಲ್ಲಿ ಬಂದೇ ಬರುತ್ತಾನೆ, ಆಗ ಸುಳ್ಳು ತಾನಾಗಿಯೇ ನಿಜವಾಗುತ್ತದೆ ಎಂಬ ಲೆಕ್ಕ ನನ್ನದು. ತಾಟಿಗೆ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಿತ್ತು. ಐದು ನಿಮಿಷ ಹೋಯಿತು. ಪ್ರತಿ ಗಾಡಿಯ ಸದ್ದಿಗೂ ನನ್ನ ಕತ್ತು ತಾನೇ ತಿರುಗುತ್ತಿತ್ತು. ಹಾಲಿನವನು ಬಂದ, ಮೀನಿನವನು ಬಂದ, ಯಾರದೋ ಬೀಗರು ಬಂದರು. ಪಕ್ಕದಲ್ಲಿ ಕೂತ ದರ್ಜಿ ಏನೋ ನಗೆಮಾತು ಹೇಳಿದ, ನಾನು ತಡವಾಗಿ ನಕ್ಕೆ. ಗುಟ್ಟಾಗಿ ಮತ್ತೆ ಫೋನ್ ಮಾಡಿದೆ. ಈ ಸಲ ರಿಂಗೂ ಇಲ್ಲ, ಸ್ವಿಚ್ ಆಫ್.

ಆಗ ಸಿಸ್ಟರ್ ಬಂದರು. ಜೇವರ್ಗಿಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಅವರು. ಬೆಳಗಿನ ಜಾವ ತಮ್ಮ ಸ್ಕೂಟಿಯಲ್ಲಿ ಗೌಂಡಿಯ ಜೊತೆಗೇ ಆಳಂದಕ್ಕೆ ಬಂದವರು. ಅವನ ಹೆಂಡತಿ ಫೋನ್ ಮಾಡಿದ್ದಳಂತೆ, ಗಂಡನ ಫೋನು ಹತ್ತುತ್ತಿಲ್ಲವೆಂದು. ಇಲ್ಲೇ ಇದ್ದಾನೆ ಎಂದು ಸಿಸ್ಟರ್ ಧೈರ್ಯ ಹೇಳಿ ಬಂದಿದ್ದರು. ಈಗ ಹುಡುಕಿದರೆ ಆಸಾಮಿ ಇಲ್ಲ. ನನ್ನ ಎದುರು ನಿಂತು, ಕಣ್ಣಾರೆ ನೋಡಿದಿರಾ ಎಂದು ಕೇಳಿದರು. ಹೌದ್ರಿ ಎಂದೆ. ಒಂದು ಸುಳ್ಳಿಗೆ ಇನ್ನೊಂದು ಸುಳ್ಳು ಕಟ್ಟುವವರನ್ನು ಕಟಕಟೆಯಲ್ಲಿ ದಿನವೂ ನೋಡುತ್ತೇನೆ, ಅವರ ಕಿವಿ ಹೇಗೆ ಕೆಂಪಾಗುತ್ತದೆ ಎಂಬುದೂ ಗೊತ್ತು. ನನ್ನ ಕಿವಿ ಉರಿಯುತ್ತಿತ್ತು. ಸಿಸ್ಟರ್ ಮತ್ತೆ ಫೋನ್ ಹಚ್ಚುತ್ತ ರಸ್ತೆಯ ಕಡೆಗೆ ಹೋದರು.

ನೀರು ತುಂಬಿಸಿಕೊಳ್ಳಲು ಬಂದ ಒಬ್ಬ ಟ್ರ್ಯಾಕ್ಟರ್ ಚಾಲಕ ಸುದ್ದಿ ತಂದ. ಕ್ರಾಸಿನಿಂದ ಒಳಗೆ, ಕಾಲುವೆಯ ಏರಿಯ ಮೇಲೆ ಒಂದು ಗಾಡಿ ನಿಂತಿದೆ, ಹೆಲ್ಮೆಟ್ಟು ಸೀಟಿನ ಮೇಲಿದೆ, ಕೆಳಗೆ ಚಪ್ಪಲಿ ಇವೆ, ಮನುಷ್ಯ ಮಾತ್ರ ಇಲ್ಲ ಎಂದ. ಕಾಲುವೆಯಲ್ಲಿ ನೀರು ಬಿಟ್ಟಿದ್ದಾರೆ ಎಂದೂ ಸೇರಿಸಿದ. ಹಿಂದೆ ಹಳದಿ ಬಟ್ಟೆ ಇತ್ತೇ ಎಂದು ಯಾರೋ ಕೇಳಿದರು. ಅವನಿಗೆ ನೆನಪಿರಲಿಲ್ಲ.

ನಾನು ಎದ್ದು ನಿಂತೆ. ಆದರೆ ಕಾಕಾ ತಲೆ ಅಲ್ಲಾಡಿಸಿ, ಅದು ನಮ್ಮವನ ಗಾಡಿ ಅಲ್ಲ ಎಂದರು. ನಮ್ಮವನು ಕ್ರಾಸ್ ದಾಟಿ ಈ ಕಡೆ ಬಂದಿದ್ದಾನೆ, ವಕೀಲರು ನೋಡಿದ್ದಾರೆ, ದಂಡೆಯ ತಿರುವು ತಪ್ಪಿ ಮುಂದೆ ಹೋಗಿರಬೇಕು, ಹುಡುಕುವುದಾದರೆ ಆ ಕಡೆ ಹುಡುಕೋಣ. ಎಲ್ಲರೂ ಹೌದೆಂದರು. ನಾಲ್ಕು ಗಾಡಿಗಳು ಆಗಲೇ ಬೇರೆ ದಿಕ್ಕಿಗೆ ತಿರುಗುತ್ತಿದ್ದವು. ಒಬ್ಬ ಮನುಷ್ಯ ನೀರಿನಲ್ಲಿ ಇದ್ದಿರಬಹುದು, ನನ್ನ ಮಾತು ನಂಬಿ ಇಷ್ಟು ಜನ ಅವನಿಂದ ದೂರ ಹೊರಟಿದ್ದರು. ಆಗ ಬಾಯಿ ಬಿಟ್ಟೆ.

“ಕಾಕಾ, ನಾ ನೋಡಿಲ್ರಿ. ಅವ ಬರೋಕಿಂತ ಮೊದಲ ಕ್ರಾಸ್ ಬಿಟ್ಟು ಬಂದೇನಿ.”

ಡಾಕ್ಟರ್ ತಾಟು ಕೆಳಗಿಟ್ಟದ್ದು ಕೇಳಿಸಿತು. ಕಾಕಾ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

“ಗಾಡಿ ತಗೀರಿ,” ಎಂದರು. “ಬೈಯೋದು ಆಮ್ಯಾಲ ಐತಿ.”

ಹಗ್ಗ, ಟ್ರ್ಯಾಕ್ಟರಿನ ಟ್ಯೂಬು ಹೊಂದಿಸಿಕೊಂಡು ಬರುತ್ತೇವೆ, ನೀವು ಮುಂದೆ ನಡೆಯಿರಿ ಎಂದು ನನ್ನನ್ನೂ ಸಿಸ್ಟರನ್ನೂ ಕಳಿಸಿದರು. ಆ ದಾರಿಯಲ್ಲಿ ನಾನು ಹೇಗೆ ಗಾಡಿ ಹೊಡೆದೆನೋ ನೆನಪಿಲ್ಲ. ಗೌಂಡಿಗೆ ಈಜು ಬರುವುದಿಲ್ಲ ಎಂದು ಸಿಸ್ಟರ್ ಹೊರಡುವಾಗ ಹೇಳಿದ ಮಾತು ಮಾತ್ರ ನೆನಪಿದೆ. ಇಂಜಿನ್ನಿನ ಸದ್ದಿನ ಒಳಗೆ ಅದೇ ಮಾತು ಸುತ್ತುತ್ತಿತ್ತು. ಅವನ ಹೆಂಡತಿಯ ಎದುರು ನಿಂತು ಏನು ಹೇಳುತ್ತೇನೆ ಎಂದು ಯೋಚಿಸಿದೆ. ಬಿಸಿಲಿತ್ತು ಎನ್ನಲೇ? ಭಜಿ ಆರುತ್ತಿದ್ದವು ಎನ್ನಲೇ? ನನಗೆ ನನ್ನ ಮೇಲೆಯೇ ಹೇಸಿಕೆ ಬಂತು.

ಏರಿಯ ಮೇಲೆ ನಿಂತದ್ದು ಅವನದೇ ಗಾಡಿ. ಹಳದಿ ಬಟ್ಟೆ ಗಾಳಿಗೆ ಪಟಪಟ ಹೊಡೆಯುತ್ತಿತ್ತು. ಕೆಳಗೆ ಕಂದು ನೀರು ತುಂಬಿ ಹರಿಯುತ್ತಿತ್ತು. ಸಿಸ್ಟರ್ ಒಂದು ದಿಕ್ಕಿಗೆ ಓಡಿದರು, ನಾನು ಇನ್ನೊಂದು ದಿಕ್ಕಿಗೆ. ಅವನ ಹೆಸರು ಹಿಡಿದು ಕೂಗಿದೆ. ಎಷ್ಟು ವರ್ಷದ ಪರಿಚಯ, ಅಲ್ಲಿಯವರೆಗೆ ನಾನು ಅವನನ್ನು ‘ಏ ಗೌಂಡಿ’ ಎಂದೇ ಕರೆದವನು. ಕೂಗಿ ಕೂಗಿ ದನಿ ಒಡೆಯಿತು. ಒಂದು ಫರ್ಲಾಂಗು ದಾಟಿರಬೇಕು, ಕೆಳಗಿನ ಜಾಲಿಕಂಟಿಯಲ್ಲಿ ಏನೋ ಅಲುಗಾಡಿತು. ಎದೆಯವರೆಗೆ ನೆನೆದ ಮನುಷ್ಯ ಒಂದು ಕೈಯಲ್ಲಿ ಕಂಟಿಯ ಬುಡ ಹಿಡಿದು, ಇನ್ನೊಂದು ಕೈಯಲ್ಲಿ ಉದ್ದನೆಯ ಕಬ್ಬಿನ ಜಲ್ಲೆಯಿಂದ ನೀರನ್ನು ತಡಕುತ್ತಿದ್ದ. ತಲೆ ಎತ್ತಿ ನನ್ನನ್ನು ನೋಡಿದವನೇ ಜಲ್ಲೆ ಬಿಟ್ಟು ಅಲ್ಲೇ ಕುಸಿದು ಕೂತ.

“ಅದೀರೇನ್ರಿ ವಕೀಲ್ ಸಾಹೇಬ್ರ?” ಎಂದ. “ನಾ ನಿಮ್ಮನ್ನ ಹುಡಕಾಕತ್ತೇನಿ.”

ಕೈ ಕೊಟ್ಟು ಮೇಲೆ ಎಳೆದುಕೊಂಡೆ. ನಡುಗುತ್ತಲೇ ಹೇಳಿದ. ದಾರಿಯಲ್ಲಿ ಒಬ್ಬ ಮುದುಕನ ಮೊಪೆಡ್ಡಿನ ಚೈನು ಬಿದ್ದಿತ್ತು, ಹಾಕಿಕೊಟ್ಟು ಬರುವಷ್ಟರಲ್ಲಿ ತಡವಾಯಿತು. ಕ್ರಾಸಿಗೆ ಬಂದರೆ ನಾನಿಲ್ಲ. ಕಲ್ಲಿನ ಮೇಲೆ ನನ್ನ ನೀರಿನ ಬಾಟಲಿ ಇದೆ. ಕೊನೆಯ ಗಾಡಿ ಬರುವ ಮೊದಲು ಕ್ರಾಸಿನವನು ಜಾಗ ಬಿಡುವುದುಂಟೇ? ಕಬ್ಬಿನ ಟ್ರ್ಯಾಕ್ಟರ್ ಬಡಿದು ಹೋಗಿರಬೇಕು ಎಂದುಕೊಂಡನಂತೆ. ಏರಿಯ ಕಡೆ ಗಾಡಿಯ ಗಾಲಿಯ ಗುರುತು ಕಂಡಿತು, ನಾನು ಕಾಲುವೆಗೆ ಬಿದ್ದಿದ್ದೇನೆ ಎಂದು ತಿಳಿದು ಇಳಿದೇಬಿಟ್ಟ. ಜೇಬಿನಲ್ಲಿದ್ದ ಫೋನಿನ ನೆನಪು ಆಮೇಲೆ ಬಂತು. ಈಜು ಬಾರದವನು ಒಂದು ತಾಸಿನಿಂದ ಕಂಟಿ ಹಿಡಿದುಕೊಂಡು ನನ್ನ ಹೆಣ ಹುಡುಕುತ್ತಿದ್ದ.

ಅಷ್ಟರಲ್ಲಿ ಸಿಸ್ಟರ್ ಓಡಿ ಬಂದರು. ಅವನನ್ನು ನೋಡಿ ಎರಡು ಮಾತು ಬೈದು, ಅವನ ಹೆಂಡತಿಗೂ ಕಾಕಾನಿಗೂ ಫೋನ್ ಮಾಡಲು ಸಿಗ್ನಲ್ ಹುಡುಕುತ್ತ ಕ್ರಾಸಿನ ಕಡೆಗೆ ಹೋದರು. ನಾವಿಬ್ಬರೇ ಉಳಿದೆವು. ಅವನು ಇನ್ನೂ ನನ್ನ ಮೈಕೈ ನೋಡುತ್ತಿದ್ದ, ಎಲ್ಲಾದರೂ ಪೆಟ್ಟಾಗಿದೆಯೇ ಎಂದು. ಅದನ್ನು ತಡೆದುಕೊಳ್ಳಲು ನನ್ನಿಂದ ಆಗಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಬೇಸರವಾಗಿ ಬಿಟ್ಟು ಹೋದೆ, ಕಾಕಾನ ಎದುರು ಸುಳ್ಳು ಹೇಳಿದೆ, ನನ್ನದು ತಪ್ಪಾಯಿತು ಎಂದೆ.

ಅವನು ಅಂಗಿ ಬಿಚ್ಚಿ ಹಿಂಡಿದ. ಮತ್ತೊಮ್ಮೆ ಹಿಂಡಿದ, ಆಗ ಅದರಲ್ಲಿ ನೀರೇ ಉಳಿದಿರಲಿಲ್ಲ.

“ಹ್ವಾದ ವರ್ಷ ಯಡ್ರಾಮಿ ಕ್ರಾಸಿನ್ಯಾಗ ಡಾಕ್ಟರ್ ಸಾಹೇಬ್ರ ಸಲುವಾಗಿ ಒಂದೂವರಿ ತಾಸು ನಿಂತಿದ್ರಿ ನೀವು,” ಎಂದ. “ಇವತ್ತೂ ಅವರೇ ಹಿಂದ ಉಳಿದಿದ್ರ ನಿಲ್ತಿದ್ರೇನ್ರಿ?”

ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದ ಪ್ರಶ್ನೆ ಅದು. ಪ್ರಶ್ನೆ ಎಂದರೆ ತಪ್ಪಿಸಿಕೊಳ್ಳುವ ದಾರಿ ನನಗೆ ಗೊತ್ತು, ಅದೇ ನನ್ನ ಹೊಟ್ಟೆಪಾಡು. ಆ ದಿನ ಯಾವ ದಾರಿಯೂ ಕಾಣಲಿಲ್ಲ.

“ನಿಲ್ತಿದ್ದೆ,” ಎಂದೆ.

ಅವನು ಗೋಣು ಹಾಕಿದ. ಗೊತ್ತಿದ್ದದ್ದನ್ನೇ ಕೇಳಿದವನ ಹಾಗೆ. ಒದ್ದೆ ಅಂಗಿ ತೊಟ್ಟು, ಅಲ್ಲಿ ಮಂದಿ ಊಟ ಬಿಟ್ಟು ಕಾಯುತ್ತಿದ್ದಾರೆ, ನಡೆಯಿರಿ ಎಂದ. ಚಪ್ಪಲಿ ಮೆಟ್ಟಿ ತನ್ನ ಗಾಡಿ ಹತ್ತಿ ಹೊರಟುಹೋದ. ನನಗೆ ಕೂಡಲೇ ಹೊರಡಲು ಆಗಲಿಲ್ಲ. ಏರಿಯ ಮೇಲೆ ಕೂತು ಎಷ್ಟು ಹೊತ್ತು ಕಳೆದೆನೋ ತಿಳಿಯದು. ಅವನು ಇಷ್ಟರಲ್ಲಿ ದಂಡೆ ಮುಟ್ಟಿರುತ್ತಾನೆ, ಎಲ್ಲರ ಎದುರು ಮಾತಾಡಿರುತ್ತಾನೆ, ಇನ್ನು ನಾನು ಅಲ್ಲಿಗೆ ಹೋಗದೆ ನೇರ ಆಳಂದಕ್ಕೆ ಹೋಗಿಬಿಡಲೇ ಎಂದು ಯೋಚಿಸುತ್ತಲೇ ಗಾಡಿ ಶುರು ಮಾಡಿದೆ.

ಕ್ರಾಸಿಗೆ ಬಂದಾಗ ಸಿಸ್ಟರ್ ಇರಲಿಲ್ಲ, ಹೋಗಿಯಾಗಿತ್ತು. ಅವನು ಮಾತ್ರ ರಸ್ತೆಯ ಅಂಚಿನಲ್ಲಿ, ಬಿಸಿಲಿನಲ್ಲಿ, ಪ್ಯಾಂಟಿನಿಂದ ನೀರು ಸೋರುತ್ತ ನಿಂತಿದ್ದ. ಒಂದು ಕೈಯನ್ನು ಮಣ್ಣೂರಿನ ಕಡೆಗೆ ಚಾಚಿದ್ದ. ನನ್ನ ಮುಖ ನೋಡಲಿಲ್ಲ. ನಾನು ದಾಟಿದ ಮೇಲೆ ಕೈ ಇಳಿಸಿ, ಗಾಡಿ ಶುರು ಮಾಡಿ ನನ್ನ ಹಿಂದೆ ಬಂದ.